ಕಾರು ರಿಪೇರಿಗೆ ಬಿಡುವಾಗ ದೂರು ಬರೆದುಕೊಂಡು ಸಹಿ ಹಾಕಿಸಿಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ಏನು ಬರೆದಿದ್ದಾರೆ, ನೋಡಿದ್ದೀರಾ?

ನಮಸ್ಕಾರ. ಇವತ್ತು ಟೈರ್ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಿನ ವಾರಕ್ಕೆ. ಯಾಕೆಂದರೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಹೊಸ ಕಾರು ಅಂದ್ಮೇಲೆ ಸಣ್ಣಪುಟ್ಟ ತೊಂದರೆ ಇರುತ್ತೆ. ಡೀಲರ್ ಹತ್ತಿರ ಪರಿಹಾರ ಕೇಳೋದು ಅತಿಯಾಯ್ತು."

ಅತಿಯಾಯ್ತಾ? ಪೂರ್ತಿ ದುಡ್ಡು ಕೊಟ್ಟಿದ್ದೇವೆ, ಪೂರ್ತಿ ಕಾರು ಬೇಡವಾ?

ನನ್ನದೇ ಕಥೆ ಹೇಳುತ್ತೇನೆ. ಕಾರು ಬಂದ ಎರಡನೇ ವಾರಕ್ಕೇ ಇಂಜಿನ್ ದೀಪ ಹತ್ತಿಕೊಂಡಿತು. ಹೋದೆ. "ಸಾಫ್ಟ್‌ವೇರ್ ಸಾರ್, ಸರಿಹೋಯ್ತು" ಅಂದರು. ಮತ್ತೆ ಹತ್ತಿತು, ಮತ್ತೆ ಹೋದೆ. ಮೂರನೇ ಸಲ ಕಾರು ನಡುರಸ್ತೆಯಲ್ಲಿ ನಿಂತಿತು. ಎಳೆಸಿಕೊಂಡು ಹೋದೆ, ಪರಿಹಾರ ಕೇಳಿದೆ. ಮ್ಯಾನೇಜರ್ ಹಳೆಯ ಎರಡು ಜಾಬ್ ಕಾರ್ಡ್ ತೆಗೆದು ತೋರಿಸಿದರು. ಎರಡರಲ್ಲೂ ಒಂದೇ ಮಾತು: "ಜನರಲ್ ಚೆಕಪ್". ಕೆಳಗೆ ನನ್ನದೇ ಸಹಿ!

ಅದಕ್ಕೇ ಹೇಳುತ್ತಿದ್ದೇನೆ. ಬರೆಸಿ. ನಿಮ್ಮ ದೂರು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡ್ ಮೇಲೆ ಬರದೆ ಸಹಿ ಹಾಕಬೇಡಿ.

ಇದೇನು ಬರೀ ಕಾಗದದ ಹುಚ್ಚಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲಿ ಹೊಸ ಕಾರಿಗೆಂದೇ ಒಂದು ಕಾನೂನು ತಂದಿತು. ಅದು ಲೆಕ್ಕ ಹಾಕುವುದು ಏನನ್ನು? ಒಂದೇ ದೋಷಕ್ಕೆ ಎಷ್ಟು ಸಲ ರಿಪೇರಿ ಆಯಿತು, ಕಾರು ಎಷ್ಟು ದಿನ ಓಡದೆ ನಿಂತಿತ್ತು. ಬ್ರಿಟನ್ನಿನ 2015ರ ಕಾಯ್ದೆಯಲ್ಲಿ ದೋಷವಿರುವ ಕಾರು ವಾಪಸ್ ಕೊಟ್ಟು ಹಣ ಕೇಳಲು ಮೊದಲ 30 ದಿನ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರ ದೂರು ಕೇಳುವ ಆಯೋಗಕ್ಕೆ ಹೋಗಲು 2 ವರ್ಷ. ಎಲ್ಲ ಕಡೆಯೂ ಎಷ್ಟು ಸಲ, ಯಾವತ್ತು ಅನ್ನುವುದೇ ಪ್ರಶ್ನೆ. "ಜನರಲ್ ಚೆಕಪ್" ಇದಕ್ಕೆ ಉತ್ತರ ಕೊಡುತ್ತದಾ?

"ನಮಗೆ ಆ ತೊಂದರೆ ಕಾಣಲೇ ಇಲ್ಲ" ಅಂತಾರೆ ವರ್ಕ್‌ಶಾಪ್‌ನವರು. ಸರಿ, ಅದನ್ನೂ ಬರೆಯಿರಿ ಅನ್ನಿ! ಮೆಕ್ಯಾನಿಕ್ ಜೊತೆ ಕೂತು ಒಂದು ಸುತ್ತು ಓಡಿಸಿ. ದೀಪ ಹತ್ತಿದ ಕೂಡಲೇ ವಿಡಿಯೋ ಮಾಡಿಕೊಳ್ಳಿ, ಕಿಲೋಮೀಟರ್ ಕಾಣುವ ಹಾಗೆ. ಸ್ಕ್ಯಾನರ್ ಹಾಕಿದರೆ, ಅದು ತೋರಿಸುವ ದೋಷದ ಕೋಡ್ ಅಳಿಸುವ ಮೊದಲೇ ಪ್ರಿಂಟ್ ಕೇಳಿ. ಅಳಿಸಿದ ಮೇಲೆ ಕಾರು ನೋಡುವುದಕ್ಕೆ ಹಾಲಿನಂತೆ ಶುದ್ಧ!

ಇನ್ನೊಬ್ಬರ ಕಾಮೆಂಟ್: "ಡೀಲರ್ ಬರೀ ಮಾರುವವನು, ಕಂಪನಿಯನ್ನು ಕೇಳಿ." ಬಿಲ್ ಕೊಟ್ಟಿದ್ದು ಯಾರು? ದುಡ್ಡು ಎಣಿಸಿಕೊಂಡಿದ್ದು ಯಾರು? ಇಬ್ಬರಿಗೂ ಬರೆಯಿರಿ. ಎಳೆಸಿದ ಖರ್ಚು, ಬಾಡಿಗೆ ಕಾರಿನ ಖರ್ಚು, ಎಲ್ಲದರ ರಸೀದಿ ಇಟ್ಟುಕೊಳ್ಳಿ. ಸುಮ್ನೆ "ತುಂಬಾ ತೊಂದರೆಯಾಯಿತು" ಅಂದರೆ ಯಾರೂ ಕೇಳುವುದಿಲ್ಲ.

"ಸಂಬಂಧ ಕೆಡುತ್ತೆ" ಅನ್ನುವವರೂ ಇದ್ದಾರೆ. ಯಾವ ಸಂಬಂಧ ರೀ? ಕೀಲಿ ಕೊಡುವ ದಿನ ಹೂಗುಚ್ಛ, ಫೋಟೋ. ಕಾರು ಕೆಟ್ಟ ದಿನ ಫೋನೇ ಎತ್ತುವುದಿಲ್ಲ. ಬರೆಸಿ! ಅವರು ನಕ್ಕರೂ ಬರೆಸಿ, ಮುಖ ಸಿಂಡರಿಸಿದರೂ ಬರೆಸಿ, ಹಿಂದೆ ಕ್ಯೂ ಇದ್ದರೂ ಬರೆಸಿ!

ಡೀಲರ್‌ಗೆ ದೂರಿನ ಇಮೇಲ್ ಹೇಗಿರಬೇಕು ಅಂತ ಸಾಲು ಸಾಲಾಗಿ ತೋರಿಸುವ ವಿಡಿಯೋ ಮಾಡುತ್ತಿದ್ದೇನೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಈಗ ಯಾರ ಹೊಸ ಕಾರು ವರ್ಕ್‌ಶಾಪ್‌ನಲ್ಲಿ ನಿಂತಿದೆಯೋ, ವಿಡಿಯೋ ಇಲ್ಲಿಗೇ ನಿಲ್ಲಿಸಿ ಅಲ್ಲಿಗೆ ಫೋನ್ ಮಾಡಿ. ಕಾರ್ಡ್‌ನಲ್ಲಿ ಏನು ಬರೆದಿದ್ದೀರಿ, ಓದಿ ಹೇಳಿ ಅನ್ನಿ. ಅವರು ಓದಿದ್ದನ್ನು ಕಾಮೆಂಟ್‌ನಲ್ಲಿ ಹಾಕಿ, ನಾನು ಒಂದೊಂದಕ್ಕೂ ಉತ್ತರ ಕೊಡುತ್ತೇನೆ.