ಎದುರಾಳಿಯ ಮಾತೂ ಇರಲಿ

ಕೇಳುಗರಿಗೆ ನಮಸ್ಕಾರ. ಪೆರ್ಲ, ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ತಾಳಮದ್ದಳೆಯ, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹಳೆಯ ಕ್ಯಾಸೆಟ್ಟುಗಳಿವೆ. ಕೆಳಗಿಳಿಸಿ, ಪ್ರತಿ ಮಾಡಿ, ಹಂಚಿ. ವಿನಂತಿ ಒಂದೇ: ಕತ್ತರಿಸಬೇಡಿ.

ಯಾಕೆಂದು ಹೇಳಲು ಅಮೆರಿಕದ ಜಾಸ್ ಸಂಗೀತದ ಕಡೆ ಹೋಗಿಬರೋಣ. ನಮ್ಮಲ್ಲಿ ಭಾಗವತರು ಹಾಡುವ ಪದ ಮೊದಲೇ ಬರೆದದ್ದು, ಅರ್ಥ, ಅಂದರೆ ಪಾತ್ರವಾಗಿ ಅರ್ಥಧಾರಿ ಆಡುವ ಮಾತು, ಮಾತ್ರ ಆಶು. ಜಾಸ್‌ನಲ್ಲೂ ಹಾಗೆಯೇ, ಧಾಟಿ ಗೊತ್ತಿರುವುದು, ಅದರ ಮೇಲೆ ಕಟ್ಟುವುದು ಆ ಹೊತ್ತಿನದು. ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್ ಅಲ್ಲಿಯ ದೊಡ್ಡ ಅರ್ಥಧಾರಿ ಎಂದುಕೊಳ್ಳಿ. ಅವರ ವಾದನವೆಂದರೆ ಡೀನ್ ಬೆನೆಡೆಟ್ಟಿಗೆ ಹುಚ್ಚು. ಬೆನೆಡೆಟ್ಟಿ ತಾವೂ ಸ್ಯಾಕ್ಸೊಫೋನ್ ನುಡಿಸುವವರೇ. 1947ರ ಮಾರ್ಚಿನಲ್ಲಿ ಲಾಸ್ ಏಂಜಲೀಸಿನ ಹೈ-ಡಿ-ಹೋ ಕ್ಲಬ್ಬಿಗೆ ರೆಕಾರ್ಡ್ ಮಾಡುವ ಯಂತ್ರ ಹೊತ್ತು ರಾತ್ರಿ ರಾತ್ರಿ ಹೋದರು. ಮೊದಲು ತಟ್ಟೆಯ ಮೇಲೆ ಕೊರೆಯುವ ಯಂತ್ರ, ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ ಕಾಗದದ ಟೇಪು. ತಟ್ಟೆಯಲ್ಲಿ ಹಿಡಿಯುವುದು ಕೆಲವೇ ನಿಮಿಷ. ಹಾಗಾಗಿ ಪಾರ್ಕರ್ ಊದುವಾಗ ಯಂತ್ರ ಚಾಲು, ನಿಲ್ಲಿಸಿದ ಕೂಡಲೇ ಬಂದ್. ಹಾವರ್ಡ್ ಮೆಘೀ ಟ್ರಂಪೆಟ್ ಎತ್ತಿಕೊಂಡರೆ ಬಂದ್, ಹ್ಯಾಂಪ್ಟನ್ ಹಾಸ್ ಪಿಯಾನೊ ಶುರು ಮಾಡಿದರೂ ಬಂದ್. ಪಾರ್ಕರ್ ತೀರಿದ್ದು 1955ರಲ್ಲಿ, ಬೆನೆಡೆಟ್ಟಿ 1957ರಲ್ಲಿ. ದಶಕಗಳ ಬಳಿಕ ಆ ರೆಕಾರ್ಡಿಂಗುಗಳ ಪೆಟ್ಟಿಗೆ ಸಿಕ್ಕಿ, 1990ರಲ್ಲಿ ಮೊಸಾಯಿಕ್ ಸಂಸ್ಥೆ 7 ಸಿ.ಡಿ.ಗಳಲ್ಲಿ ಹೊರತಂದಿತು. ಅಮೂಲ್ಯ ನಿಧಿ, ಸಂಶಯವಿಲ್ಲ. ಆದರೆ ಕೇಳುತ್ತ ಹೋದರೆ ಉತ್ತರದ ಮೇಲೆ ಉತ್ತರ; ಪ್ರಶ್ನೆ ಎಲ್ಲಿ?

ಬೆನೆಡೆಟ್ಟಿಗೆ ತಟ್ಟೆಯ ಬರವಿತ್ತು. ನಮಗೇನು ಬರ? ವಾಲಿಮೋಕ್ಷ ಪ್ರಸಂಗದಲ್ಲಿ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನಷ್ಟೇ ಉಳಿಸಿ ರಾಮನ ಮಾತು ಅಳಿಸುವುದೇಕೆ? ವಾಲಿಯ ಆ ಮಾತು ಹುಟ್ಟಿದ್ದೇ ರಾಮನ ಮಾತಿನಿಂದ. ಭಾಗವತರ ಪದವನ್ನೂ ಬಿಡಬೇಡಿ. ದಯವಿಟ್ಟು ಕತ್ತರಿಸಬೇಡಿ.

ಇನ್ನು ಕೆಲಸದ ಕ್ರಮ. ಆಟಿಯ ಮಳೆಗೆ ನಮ್ಮ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತದೆ. ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಹಾಕಿ ಕೇಳಬೇಡಿ, ಬೂಸ್ಟು ಪ್ಲೇಯರಿನಲ್ಲಿ ಟೇಪು ತಾಗುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಡಿ. ಬಿಸಿಲು ಬೇಡ. ಕ್ಯಾಸೆಟ್ಟಿನ ಹಿಂಬದಿಯ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಮುರಿಯಿರಿ, ಮೇಲೆ ಇನ್ನೊಂದು ರೆಕಾರ್ಡ್ ಆಗುವುದಿಲ್ಲ. ಬಳಿಕ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ. ಸ್ವರ ಮಂಕಾಗಿದ್ದರೆ ಹೆಡ್ಡಿನ ಪಕ್ಕದ, ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಚಕ್ರತಾಳವನ್ನು ಕೇಳಿ. ತಾಳದ ನಾದ ಎಲ್ಲಿ ಹರಿತವಾಯಿತೋ ಅಲ್ಲಿ ನಿಲ್ಲಿಸಿ. ಇಷ್ಟು ಒಳ್ಳೆಯ ಅಳತೆಗೋಲು ಯಾವ ಅಂಗಡಿಯಲ್ಲೂ ಸಿಗದು!

ಪ್ಲೇಯರನ್ನು ಕಂಪ್ಯೂಟರಿನ ಲೈನ್-ಇನ್‌ಗೆ ಜೋಡಿಸಿ, ಮೈಕ್ ತೂತಿಗಲ್ಲ. ಅಲ್ಲಿ ಸ್ವರ ಒಡೆಯುತ್ತದೆ. ಮದ್ದಳೆಯ ದೊಡ್ಡ ಪೆಟ್ಟು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ವೇವ್ ಕಡತ, 24 ಬಿಟ್, 48 ಕಿಲೊಹರ್ಟ್ಸ್: ಸ್ಟೀರಿಯೊ ಗಂಟೆಗೆ ಸುಮಾರು 1 ಜಿಬಿ. ಸದ್ದು ತೆಗೆಯುವ ಫಿಲ್ಟರನ್ನು ಮೂಲಕ್ಕೆ ಹಾಕಬೇಡಿ. ಹಂಚಲು ಎಂಪಿ3 ಸಾಕು, ಆದರೆ ಎಂಪಿ3ಯಿಂದ ಮತ್ತೆ ಎಂಪಿ3 ಮಾಡಿದರೆ ಪ್ರತಿ ಸಲವೂ ಸವೆಯುತ್ತದೆ.

90 ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿ ಮಗುಚುವಾಗ ಮಾತು ತಪ್ಪಿರುತ್ತದೆ. ಆ ತುಂಡು ಕಾಣದಂತೆ ಅಂಟಿಸಬೇಡಿ, 'ಇಲ್ಲಿ ಬದಿ ಮಗುಚಿದ್ದು' ಎಂದು ಬರೆದಿಡಿ. ಕಲಾವಿದರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿಯೇ ಹಂಚಿ, ಮಾರಬೇಡಿ. ಕಡತದ ಹೆಸರಿನಲ್ಲಿ ಇಸವಿ, ಊರು, ಪ್ರಸಂಗ ಇರಲಿ. ಜೊತೆಗೆ ಭಾಗವತರು, ಚೆಂಡೆ ಮದ್ದಳೆಯವರು, ಅರ್ಥಧಾರಿಗಳೆಲ್ಲರ ಹೆಸರು ಬರೆಯಿರಿ. ರಾಮನದ್ದೂ, ಸುಗ್ರೀವನದ್ದೂ.