ಈಜುಕೊಳದ ನಾಲ್ಕನೆಯ ಬದಿ

[ದೃಶ್ಯ: ಕಾಫಿ ತೋಟದ ಇಳಿಜಾರಿನಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಒಂದು ಈಜುಕೊಳ. ಮಲಗುವ ಕೋಣೆಯ ಗಾಜಿನ ಬಾಗಿಲು ನೇರವಾಗಿ ಕೊಳದ ಕಟ್ಟೆಗೆ ತೆರೆದುಕೊಳ್ಳುತ್ತದೆ.]

ನಮಸ್ಕಾರ. ಆನೆ ಬಾರದಿರಲೆಂದು ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸುವುದನ್ನು ಕೊಡಗಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅದೇ ತೋಟದ ಮನೆಯಂಗಳದಲ್ಲಿರುವ ಈಜುಕೊಳಕ್ಕೆ ನಾಲ್ಕು ಅಡಿ ಎತ್ತರದ ತಡೆಬೇಲಿ ಬೇಕೆಂದರೆ ಮಾತ್ರ, ಕಣಿವೆಯ ನೋಟ ಕೆಡುತ್ತದೆ, ಖರ್ಚು ಹೆಚ್ಚುತ್ತದೆ, ಮಕ್ಕಳನ್ನು ನೋಡಿಕೊಳ್ಳುವುದು ಹೆತ್ತವರ ಕೆಲಸವಲ್ಲವೇ ಎಂಬ ಆಕ್ಷೇಪಗಳು ಸಾಲುಗಟ್ಟುತ್ತವೆ. ಇವೆಲ್ಲವೂ ಮುಗಿದ ಮೇಲೆ ಬರುವ ಮಾತೊಂದಿದೆ: ಮೂರು ಕಡೆ ಬೇಲಿ ಹಾಕಿದ್ದೇವೆ, ನಾಲ್ಕನೆಯ ಕಡೆ ಮನೆಯ ಗೋಡೆಯೇ ಇದೆಯಲ್ಲ. ಇಂದಿನ ವಿಡಿಯೋ ಆ ಗೋಡೆಯ ಕುರಿತದ್ದು.

ಗೋಡೆಯಲ್ಲಿ ಬಾಗಿಲಿರುತ್ತದೆ. ಮುಳುಗುವ ಅಪಾಯ ಅತಿ ಹೆಚ್ಚಾಗಿರುವ ಒಂದರಿಂದ ನಾಲ್ಕು ವರ್ಷದ ಮಗು ಹೊರಗಿನ ರಸ್ತೆಯಿಂದ ಬರುವುದಿಲ್ಲ. ಮಧ್ಯಾಹ್ನದ ನಿದ್ದೆಯಿಂದ ಎದ್ದು, ಯಾರೂ ಕಾಣದಿದ್ದಾಗ, ಅದೇ ಬಾಗಿಲಿನಿಂದ ಹೊರಗೆ ನಡೆಯುತ್ತದೆ. ಆದ್ದರಿಂದಲೇ ಕೊಳವನ್ನು ಮನೆಯಿಂದಲೂ ಬೇರ್ಪಡಿಸುವ ನಾಲ್ಕು ಬದಿಯ ಬೇಲಿಯು ಆಸ್ತಿಯ ಸುತ್ತಲಷ್ಟೇ ಇರುವ ಬೇಲಿಗಿಂತ ಹೆಚ್ಚು ರಕ್ಷಣೆ ನೀಡುತ್ತದೆ ಎಂಬ ನಿಲುವಿಗೆ ಆರೋಗ್ಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 1998ರ ಪರಿಶೀಲನೆ ಬಂದಿತು.

[ದೃಶ್ಯ: ಆಸ್ಟ್ರೇಲಿಯದ ನಕ್ಷೆ, ನಂತರ ಫ್ರಾನ್ಸ್‌ನದು.]

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈ ವಿವಾದ ಕಾನೂನಿನ ಒಳಗೇ ಉಳಿದುಕೊಂಡಿದೆ. ಅಲ್ಲಿ 1990ರ ಆಗಸ್ಟ್ 1ಕ್ಕಿಂತ ಮೊದಲು ಕಟ್ಟಿದ ಕೊಳಗಳಿಗೆ, ಮನೆಯಿಂದ ಮಗು ಹೊರಬಾರದಂತೆ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿದ್ದರೆ ಪ್ರತ್ಯೇಕ ಬೇಲಿಯಿಂದ ವಿನಾಯಿತಿ ಇದೆ. 2 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಮೀನುಗಳಿಗೂ ಇಂಥ ವಿನಾಯಿತಿ ಇತ್ತು. 2010ರ ಜುಲೈ 1ರಿಂದ ಹೊಸ ಕೊಳಗಳಿಗೆ ಅದು ನಿಂತುಹೋಯಿತು. ಎರಡು ಹೆಕ್ಟೇರ್ ಎಂದರೆ ಸುಮಾರು ಐದು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತೋಟ. ಇಷ್ಟು ದೊಡ್ಡ ಜಾಗದ ನಡುವಿನ ಕೊಳದ ಬಳಿಗೆ ಯಾರು ಬರುತ್ತಾರೆ ಎಂಬ ವಾದ ಇಲ್ಲಿಯೂ ಕೇಳಿಬರುತ್ತದೆ. ನನ್ನ ಉತ್ತರ: ಅತಿಥಿಗಳ ಮಗು ಬರುತ್ತದೆ, ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯ ಮಗುವೂ ಬರುತ್ತದೆ. ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 2003ರ ಜನವರಿ 3ರ ಕಾನೂನು ನೆಲದಲ್ಲಿ ತೋಡಿದ ಖಾಸಗಿ ಕೊಳಗಳ ಮಾಲೀಕರಿಗೆ ಬೇಲಿ, ಅಲಾರಂ, ನೀರಿನ ಮೇಲಿನ ಹೊದಿಕೆ, ಇಡೀ ಕೊಳವನ್ನು ಆವರಿಸುವ ಮುಚ್ಚುಮಾಡು ಎಂಬ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ತಪ್ಪಿದರೆ ದಂಡ 45,000 ಯೂರೋವರೆಗೆ. ಮಾಲೀಕರಿಗೆ ಇದು ಹಿತವಾಗಿ ಕಾಣುತ್ತದೆ. ಆದರೆ ಅಲಾರಂ ಮಗುವನ್ನು ತಡೆಯುವುದಿಲ್ಲ, ದೊಡ್ಡವರನ್ನು ಕರೆಯುತ್ತದೆ ಅಷ್ಟೆ, ಮತ್ತು ಕರೆದಾಗ ಕರೆಂಟ್ ಇರಬೇಕು, ಕೇಳುವವರೂ ಹತ್ತಿರವಿರಬೇಕು. ಹೊದಿಕೆಯ ವಿಷಯದಲ್ಲಿಯೂ ಫ್ರೆಂಚ್ ನಿಯಮ ವಯಸ್ಕರೊಬ್ಬರು ಮೇಲೆ ನಡೆದರೂ ತಡೆದುಕೊಳ್ಳುವ ಗಟ್ಟಿತನವನ್ನು ಕೇಳುತ್ತದೆ. ಮಳೆಗಾಲದಲ್ಲಿ ನಾವು ಕೊಳದ ಮೇಲೆ ಎಳೆದು ಕಟ್ಟುವ ನೀಲಿ ಟಾರ್ಪಾಲು ಆ ಅರ್ಥದ ಹೊದಿಕೆಯಲ್ಲ. ಮೇಲೆ ಮಳೆನೀರು ನಿಂತು ನಡುವೆ ಜೋತುಬಿದ್ದ ಟಾರ್ಪಾಲು ತೆರೆದ ನೀರಿಗಿಂತ ಕೆಟ್ಟದ್ದು, ಏಕೆಂದರೆ ಮಗುವಿಗೆ ಅದು ನೆಲದಂತೆ ಕಾಣುತ್ತದೆ.

[ದೃಶ್ಯ: ಇಳಿಜಾರಿನಲ್ಲಿರುವ ಬೇಲಿ. ಅಳತೆ ಟೇಪು ಹಿಡಿದ ಕೈ.]

ಇನ್ನು ಎತ್ತರ. ಆಸ್ಟ್ರೇಲಿಯದ ಮಾನದಂಡ 1.2 ಮೀಟರ್; ಕೆಳಗಿನ ಸಂದು 10 ಸೆಂಟಿಮೀಟರ್ ಮೀರಬಾರದು. ಈ ಎತ್ತರವನ್ನು ಮಗು ನಿಲ್ಲುವ ಹೊರಬದಿಯ ನೆಲದಿಂದ ಅಳೆಯಬೇಕು ಎಂಬುದೇ ಕೊಡಗಿನ ಇಳಿಜಾರಿನಲ್ಲಿ ಜಗಳಕ್ಕೆ ಮೂಲ. ಮೇಲಿನ ದಿಬ್ಬದಿಂದ ಅಳೆದರೆ ಅದೇ ಬೇಲಿ ಎರಡೂವರೆ ಅಡಿಗೆ ಇಳಿಯುತ್ತದೆ. ಗುತ್ತಿಗೆದಾರರು ಒಳಗಿನಿಂದ ಅಳೆದು ಬಿಲ್ ಕೊಡುತ್ತಾರೆ, ಮಾಲೀಕರು ಹೊರಗಿನಿಂದ ನೋಡಿ ತಕರಾರು ಮಾಡುತ್ತಾರೆ. ಬೇಲಿಗೆ ತಾಗಿಸಿ ಮೆಣಸು ಕೊಯ್ಯುವ ಏಣಿಯನ್ನೋ ಪ್ಲಾಸ್ಟಿಕ್ ಕುರ್ಚಿಯನ್ನೋ ಇಟ್ಟರಂತೂ ಅಳತೆಗೆ ಅರ್ಥವೇ ಉಳಿಯುವುದಿಲ್ಲ. ಹತ್ತಲು ಆಸರೆಯಾಗುವ ಯಾವುದೂ 90 ಸೆಂಟಿಮೀಟರ್ ಅಂತರದೊಳಗೆ ಇರಬಾರದೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿಯೇ.

ತೋಟದ ಕೆರೆಗೇ ಬೇಲಿಯಿಲ್ಲ, ಕೊಳಕ್ಕೇಕೆ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಕೆರೆಯೂ ಅಪಾಯಕಾರಿಯೇ. ಆದರೆ ಕೆರೆ ಹಾಸಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿರುವುದಿಲ್ಲ. ಅಲ್ಲದೆ, ತೆರೆದ ಅಪಾಯವನ್ನು ಅದರ ಒಡೆಯರೇ ಬೇಲಿಕಟ್ಟಿ ಕಾಯಬೇಕೆಂಬ ವಿಚಾರ ನಮಗೆ ಹೊಸದೂ ಅಲ್ಲ: ಕೊಳವೆಬಾವಿಗೆ ಮಕ್ಕಳು ಬೀಳುವ ಪ್ರಕರಣಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಕೊರೆಯುವಾಗ ಸುತ್ತ ತಂತಿಬೇಲಿ ಇರಬೇಕೆಂದು ನಿರ್ದೇಶಿಸಿತು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ವಿಧಿಯಡಿ 5 ವರ್ಷದವರೆಗೆ ಶಿಕ್ಷೆಯಿದೆ.

[ದೃಶ್ಯ: ಗೇಟಿನ ಚಿಲಕ, ಬಲು ಹತ್ತಿರದಿಂದ.]

ನಾನು ನೋಡಿದ ಒಂದು ಹೋಂಸ್ಟೇಯಲ್ಲಿ ಬೇಲಿ ಲಕ್ಷಣವಾಗಿತ್ತು, ಗೇಟು ಮಾತ್ರ ಹೂಕುಂಡದ ಆಸರೆಯಲ್ಲಿ ತೆರೆದೇ ನಿಂತಿತ್ತು. ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಮಳೆಗೆ ಮಣ್ಣು ಕುಸಿದು ಕಂಬ ವಾಲಿದ್ದರಿಂದ ಚಿಲಕದ ನಾಲಗೆ ತನ್ನ ತೂತಿಗಿಂತ ಒಂದು ಬೆರಳು ಕೆಳಗಿತ್ತು. ಗೇಟನ್ನು ಒಂದು ಗೇಣು ತೆರೆದು ಕೈಬಿಟ್ಟರೆ ಅದು ತಾನಾಗಿ ಮುಚ್ಚಿ, ತಾನಾಗಿ ಚಿಲಕ ಬೀಳಬೇಕು. ಅದು ಕೊಳದ ಕಡೆಗಲ್ಲ, ಹೊರಕ್ಕೆ ತೆರೆಯುವಂತಿರಬೇಕು. ಅಲ್ಲಿ ಇದನ್ನು ಸರಿಪಡಿಸುವವರು ಯಾರೆಂಬುದರ ಬಗ್ಗೆ ಜಮೀನಿನ ಮಾಲೀಕರಿಗೂ ಲೀಸಿಗೆ ಪಡೆದವರಿಗೂ ಎರಡು ಮಳೆಗಾಲಗಳಿಂದ ಮಾತುಕತೆ ನಡೆದಿತ್ತು. ನ್ಯೂಜಿಲೆಂಡಿನ 2016ರ ತಿದ್ದುಪಡಿ ಕಾನೂನು ಜಮೀನಿನ ಮಾಲೀಕರು, ಕೊಳದ ಮಾಲೀಕರು, ವಾಸವಿರುವವರು ಎಲ್ಲರನ್ನೂ ಹೊಣೆಗಾರರನ್ನಾಗಿ ಮಾಡಿ, ಮನೆಯ ಕೊಳಗಳಿಗೆ ಮೂರು ವರ್ಷಕ್ಕೊಮ್ಮೆ ತಪಾಸಣೆಯನ್ನೂ ವಿಧಿಸಿದೆ. ನಮ್ಮಲ್ಲಿ ಲೀಸ್ ಪತ್ರ ಬರೆಯುವಾಗ ಪೇಂಟು, ಪಂಪು, ಜನರೇಟರುಗಳ ಸಾಲಿನಲ್ಲಿ ಗೇಟಿನ ಸ್ಪ್ರಿಂಗನ್ನೂ, ಅದನ್ನು ಬದಲಿಸುವವರ ಹೆಸರನ್ನೂ ಸೇರಿಸಿ.