ಟೆಂಟಿನೊಳಗಿನ ಕೂಗು

ಕೇಳುಗರೇ, ನಮಸ್ಕಾರ.

ಬಾಯಿ ಮುಚ್ಚಿಕೊಂಡು ಸಿನಿಮಾ ನೋಡುವುದು ಇತ್ತೀಚಿನ ಅಭ್ಯಾಸ. ಟೆಂಟ್ ಸಿನಿಮಾದ ಕಾಲದಲ್ಲಿ ನೋಡುವುದು ಎಷ್ಟಿತ್ತೋ, ಕೂಗುವುದೂ ಅಷ್ಟೇ ಇತ್ತು.

ಸಂಜೆ ಲೌಡ್‌ಸ್ಪೀಕರಿನಲ್ಲಿ ಘಂಟಸಾಲ ಅವರ ‘ನಮೋ ವೆಂಕಟೇಶ’ ಕೇಳಿಸಿದರೆ ಸಾಕು, ಆಟದ ಹೊತ್ತಾಯಿತು ಅಂತ ಊರಿಗೇ ಗೊತ್ತಾಗುತ್ತಿತ್ತು. ನೆಲದ ಟಿಕೆಟಿನ ಹುಡುಗರು ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದರು. ಹಿಂದಿನಿಂದ ‘ಏಯ್, ತಲೆ ತಗ್ಸೋ!’ ಅಂತ ಗದರಿಕೆ.

ಆ ಗಲಾಟೆಯನ್ನು ಪುಂಡಾಟ ಅಂತ ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಕೆಲಸವೂ ಇತ್ತು. ಆಗ ಪ್ರೊಜೆಕ್ಟರಿಗೆ ಬೆಳಕು ಬರುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿಗಳ ನಡುವಿನ ಉರಿಯಿಂದ. ಉರಿದಂತೆ ಕಡ್ಡಿ ಸವೆದು ಅಂತರ ಹೆಚ್ಚುತ್ತದೆ, ಆಪರೇಟರ್ ಮತ್ತೆ ಹತ್ತಿರ ತರಬೇಕು. ಸ್ವಲ್ಪ ಮರೆತರೆ ಪರದೆ ಮಂಕು. ಮೆಷಿನ್ನಿನ ಸದ್ದಿನಲ್ಲಿ ಮುಳುಗಿದ ಅವನನ್ನು ಎಚ್ಚರಿಸುತ್ತಿದ್ದದ್ದು ನೆಲದವರ ಸಿಳ್ಳೆಯೇ. ರೀಲು ಕಟ್ಟಾದರಂತೂ ಟೆಂಟು ಹಾರಿಹೋಗುವಂಥ ‘ಹೋ!’

ಹೆಂಗಸರ ಕಡೆಯ ಸಂಗತಿಯೇ ಬೇರೆ. ವಜ್ರಮುನಿ ತೆರೆಗೆ ಬಂದರೆ ನೆಟಿಗೆ ಮುರಿದು ಶಾಪ: ‘ನಿನ್ ಮನೆ ಹಾಳಾಗ!’ ಮರುಗಳಿಗೆ ರಾಜ್‌ಕುಮಾರ್‌ಗೆ ಎಚ್ಚರಿಕೆ: ‘ಹಿಂದೆ ಬರ್ತಾವ್ನೆ, ತಿರುಗಿ ನೋಡಣ್ಣೋ!’ ಮನೆಯಲ್ಲಿ ದನಿ ಎತ್ತದ ಎಷ್ಟೋ ತಾಯಂದಿರು ಅಲ್ಲಿ ಕತ್ತಲಲ್ಲಿ ಗಟ್ಟಿಯಾಗಿ ಬೈದು, ಅತ್ತು, ಹಗುರಾಗುತ್ತಿದ್ದರು. ಆ ಬೈಗುಳಕ್ಕಿಂತ ದೊಡ್ಡ ಬಹುಮಾನ ಒಬ್ಬ ಖಳನಟನಿಗೆ ಬೇಕೇ?

ಪಟ್ಟಣದಲ್ಲೂ ಕಡಿಮೆಯೇನಿರಲಿಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ವರ್ಷ ದಾಟಿ ಓಡಿತು. ಅಂಥ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದ ಗಾಂಧಿ ಕ್ಲಾಸಿನವರಿಗೆ, ಅಂದರೆ ಪರದೆಯ ಹತ್ತಿರದ ಅಗ್ಗದ ಟಿಕೆಟಿನವರಿಗೆ, ಮಾತೆಲ್ಲ ಬಾಯಿಪಾಠ. ನಾಯಕ ಬಾಯಿ ತೆರೆಯುವ ಮೊದಲೇ ಇವರು ಹೇಳಿ ಮುಗಿಸುತ್ತಿದ್ದರು. ಪರದೆಯ ಮುಂದೆ ಕರ್ಪೂರ, ಮೇಲಿಂದ ಚಿಲ್ಲರೆ ಕಾಸು. ಅಭಿಮಾನಿಗಳನ್ನು ರಾಜ್‌ಕುಮಾರ್ ದೇವರು ಅಂತ ಕರೆದದ್ದು ಸುಮ್ನೆ ಅಲ್ಲ.

ಹಾಡು ಹಿಡಿಸಿದರೆ ‘ಒನ್ಸ್ ಮೋರ್!’ ಕೂಗು ನಿಲ್ಲದಿದ್ದರೆ ಆಪರೇಟರ್ ಮೆಷಿನ್ ನಿಲ್ಲಿಸಿ, ರೀಲು ಹಿಂದಕ್ಕೆ ಸುತ್ತಿ, ಹಾಡನ್ನು ಮತ್ತೆ ಹಾಕುತ್ತಿದ್ದ. ಆಟ ಮುಗಿಯುವುದು ತಡವಾಗುತ್ತಿತ್ತು, ಯಾರೂ ಗೊಣಗುತ್ತಿರಲಿಲ್ಲ. ಈಗ ಹಾಗೆ ಕೂಗಿದರೆ ಕೇಳಿಸಿಕೊಳ್ಳಲು ಎಷ್ಟೋ ಕಡೆ ಕ್ಯಾಬಿನ್ನಿನಲ್ಲಿ ಆಳೇ ಇರುವುದಿಲ್ಲ.

ನಮಸ್ಕಾರ.